ಲೀಟರ್ ತೂಕ

ಸಿದ್ದಾಪುರದಲ್ಲಿ ಬಸ್‌ಸ್ಟ್ಯಾಂಡಿನಿಂದ ನಾಲ್ಕನೇ ಬಾಗಿಲು,
ಮೊಯ್ದು ಕಾಕನ ಮೆಣಸಿನ ಮಂಡಿ. ನಾನಲ್ಲಿ ರೈಟರು.
ಡಬ್ಬಿಗೆ ಕಾಳು ಸುರಿದು, ಕೋಲಾಡಿಸಿ, ತೂಗುತ್ತೇನೆ:
ಲೀಟರಿಗೆ ಐನೂರೈವತ್ತು ಗ್ರಾಂ ಬಂದರೆ ಮಾತು,
ಬಾರದಿದ್ದರೆ ಜೊಳ್ಳು, ಚೌಕಾಸಿ, ದೇವರ ಮೇಲಾಣೆ.

ಮಾರ್ಚ್. ಕುಯ್ಲೂ ಪರೀಕ್ಷೆಯೂ ಒಟ್ಟಿಗೇ ಬರುವ ತಿಂಗಳು.
ಲೈನ್ ಮನೆಯಲ್ಲಿ ಕರೆಂಟಿಲ್ಲವೆಂದು
ತೋಲಿ ನಮ್ಮ ಚೀಲಗಳ ಮೇಲೆ ಕೂತು ಬಾಯಿಪಾಠ ಮಾಡುತ್ತಾಳೆ:
ಸಾವಿರದ ನಾನೂರ ಐವತ್ತಮೂರರಲ್ಲಿ
ಕಾನ್‌ಸ್ಟಾಂಟಿನೋಪಲ್ ಟರ್ಕರ ವಶವಾಯಿತು,
ಹಾಗಾಗಿ ದಾರಿ ಮುಚ್ಚಿತು,
ಹಾಗಾಗಿ ಹೊಸ ಜಲಮಾರ್ಗ.
ಎರಡು ಅಂಕ.

‘ಯಾವುದರ ದಾರಿ, ರೈಟ್ರೇ?’
‘ನೀನು ಕೂತಿದ್ದೀಯಲ್ಲ, ಅದರದ್ದು.’
ವಿರಾಜಪೇಟೆಯಲ್ಲಿ ಎರಡು ವರ್ಷ ಚರಿತ್ರೆ ಓದಿ
ಫೀಸು ಕಟ್ಟಲಾರದೆ ಬಿಟ್ಟವನು ನಾನು;
ಕೇಳುವವರು ಸಿಕ್ಕರೆ ಬಿಡುವವನಲ್ಲ.

ಮೂರು ಸಾವಿರ ವರ್ಷದ ಹಿಂದೆ ಸತ್ತ ಫರೋ ಒಬ್ಬನ
ಮೂಗಿನ ಹೊಳ್ಳೆಗೆ ಮೆಣಸು ತುಂಬಿದ್ದರು ಅಂದೆ.
ತೋಲಿಗೆ ಸೀನು ಬಂತು.
ರೋಮನ್ನು ಮುತ್ತಿದ ಗಾಥರು ಬಿಡುಗಡೆಯ ಬೆಲೆಯಲ್ಲಿ
ಚಿನ್ನ ಬೆಳ್ಳಿ ರೇಷ್ಮೆಯ ಜೊತೆಗೆ
ಮೂರು ಸಾವಿರ ಪೌಂಡು ಮೆಣಸೂ ಕೇಳಿದರು.
ಅವರ ಪೌಂಡು ಚಿಕ್ಕದು. ನಮ್ಮ ಲೆಕ್ಕಕ್ಕೆ ಇಪ್ಪತ್ತು ಚೀಲ.
ಕಾಕ ಕ್ಯಾಲ್ಕುಲೇಟರಿನಿಂದ ತಲೆ ಎತ್ತಿ,
‘ಒಂದು ಪಿಕಪ್ಪು. ಕೊಟ್ಟ ಮೇಲೆ ಊರು ಬಿಟ್ಟರಾ?’
‘ಎರಡು ವರ್ಷ. ಆಮೇಲೆ ಬಂದು ಸೂರೆ ಮಾಡಿದರು.’
‘ರಸೀದಿ ಇಟ್ಟುಕೊಳ್ಳಬೇಕಿತ್ತು,’ ಅಂದ ಕಾಕ.

ಪರಂಗಿಗಳ ಕತೆಗೆ ಬಂದಾಗ ಮಾತ್ರ ಅವನು ನಗಲಿಲ್ಲ.
ಮಕ್ಕಾದಿಂದ ಮರಳುತ್ತಿದ್ದ ಹಡಗು,
ಹೆಂಗಸರು ಮಕ್ಕಳು ಒಳಗಿರುವಾಗಲೇ ಬೆಂಕಿ.
ಅವನ ಅಜ್ಜಿಯ ಅಜ್ಜಿಗೂ ಗೊತ್ತಿತ್ತಂತೆ.
‘ನಿನ್ನ ಪುಸ್ತಕದಲ್ಲಿ ಉಂಟಾ?’
ಅವಳು ಹಾಳೆ ತಿರುವಿದಳು, ಮತ್ತೆ ಹಿಂದಕ್ಕೆ ತಿರುವಿದಳು.
ಮೂಲೆಯ ಫ್ಯಾನು ಕಟಕಟ ಅನ್ನುತ್ತಿತ್ತು.

ಇಷ್ಟರಲ್ಲಿ ಚೋಮಿ ಬಂದಳು, ಸೆರಗಿನ ಗಂಟು ಬಿಚ್ಚುತ್ತಾ.
ಸಿಲ್ವರ್ ಮರಗಳ ಬುಡದಲ್ಲಿ, ದರಗಿನ ಕೆಳಗೆ
ಒಂದೊಂದೇ ಹೆಕ್ಕಿದ್ದು. ಎರಡು ಕಿಲೋ ನೂರ ನಲವತ್ತು.
ಡಬ್ಬಿ ತುಂಬಿ ನೋಡಿದೆ: ಐನೂರ ಎಪ್ಪತ್ತು!
ಹಾಸಲು ಕಣ ಇಲ್ಲದವಳ ಕಾಳು
ಇಡೀ ವಾರ ಬಂದ ಸಾಹುಕಾರರ ಚೀಲಗಳಿಗಿಂತ ಭಾರ.
ದರ ಹೇಳಲು ನನಗೇ ನಾಚಿಕೆ.
ಬಾಂಬು ಬಿದ್ದ ವಿಯೆಟ್ನಾಮಿನ ಕೆಂಪು ಮಣ್ಣಿನಲ್ಲೂ ಈಗ ಬಳ್ಳಿ;
ಆ ಮೆಣಸು ಕೊಲಂಬೊ ಸುತ್ತಿಕೊಂಡು ಬಂದಾಗ
ಏಳುನೂರರ ದರ ಮುನ್ನೂರಕ್ಕೆ ಮುಗ್ಗರಿಸಿದ್ದು
ಈ ಗೋಡೆಯ ಕ್ಯಾಲೆಂಡರಿನಲ್ಲಿ ನಾನೇ ಗೀಚಿದ್ದು.

ಮಗಳು ತಾಯಿಗೆ ಫರೋನ ಮೂಗಿನ ಸುದ್ದಿ ಹೇಳಿದಳು.
ಚೋಮಿ ನಗಲಿಲ್ಲ, ಬೆರಗಾಗಲೂ ಇಲ್ಲ.
‘ಆವಾಗಲೂ ಏಣಿ ಒಂಟಿಬಿದಿರಿಂದೇನಾ?’ ಅಂತ ಕೇಳಿದಳು.
ಅವಳ ಗಂಡ ಹೋದ ಫೆಬ್ರವರಿಯಲ್ಲಿ
ಇಪ್ಪತ್ತೆಂಟನೇ ಗೆಣ್ಣಿನಿಂದ ಬಿದ್ದವನು,
ಈಗಲೂ ಗೋಡೆ ಹಿಡಿದೇ ನಡೆಯುತ್ತಾನೆ.
ನಾನು ಓದಿದ ಎರಡು ವರ್ಷದಲ್ಲಿ ಆ ಪಾಠ ಬಂದಿರಲಿಲ್ಲ.

ಹೆಕ್ಕಿದ ಮೆಣಸಿಗೆ ನಾವು ರಸೀದಿ ಹರಿಯುವುದಿಲ್ಲ.
ಕಾಕ ಎದ್ದು ಪುಸ್ತಕವನ್ನು ನನ್ನ ಮುಂದಕ್ಕೆ ನೂಕಿದ.
ಹೆಸರು ಬರೆದೆ. ತೂಕ ಬರೆದೆ. ತಾರೀಖು ಬರೆದೆ.

ಆರೂವರೆಗೆ ಫಾರೆಸ್ಟಿನವರ ಮೆಸೇಜು:
ಗುಹ್ಯ ರಸ್ತೆಯಲ್ಲಿ ಆನೆ ಮೂರು, ಮರಿ ಒಂದು, ಯಾರೂ ಹೋಗಬೇಡಿ.
‘ದಾರಿ ಮುಚ್ಚಿತು,’ ಅಂದಳು ತೋಲಿ.
ಯಾರೂ ಕೇಳದಿದ್ದರೂ ‘ಹಾಗಾಗಿ...’ ಎಂದು ಶುರುಮಾಡಿ
ತನಗೆ ತಾನೇ ನಕ್ಕು ಪುಸ್ತಕ ಮಡಚಿದಳು.

ಚೋಮಿ ಆಗಲೇ ಮೆಟ್ಟಿಲಿಳಿದಿದ್ದಳು.
‘ಹೊಳೆ ಬದಿಯಿಂದ,’ ಅಂದಳು. ‘ಟಾರ್ಚು ಕೆಳಗೆ ಹಿಡಿ. ಮಾತಾಡಬೇಡ.’